ಮೂರು ಕಡಲೆಬೀಜದಷ್ಟು ನೂಕು

ಉಪಗ್ರಹವನ್ನು ಬಾಹ್ಯಾಕಾಶದಲ್ಲಿ ನೂಕುವ ನಮ್ಮ ಪುಟ್ಟ ಎಂಜಿನ್, ಅಂದರೆ ಥ್ರಸ್ಟರ್‌ನ ಬಲ 18 ಮಿಲಿನ್ಯೂಟನ್. ಮೂರು ಕಡಲೆಬೀಜ ಅಂಗೈ ಮೇಲಿಟ್ಟರೆ ಎಷ್ಟು ಭಾರವೋ, ಹೆಚ್ಚುಕಮ್ಮಿ ಅಷ್ಟೇ. "ಇಷ್ಟಕ್ಕೆ ಎರಡು ವರ್ಷ ಬೇಕಾಯ್ತಾ?" ಅಂತ ಅಮ್ಮ ಕೇಳಿದಳು. ಹೌದು, ಬೇಕಾಯಿತು.

ಇದು ಹಾಲ್ ಥ್ರಸ್ಟರ್. ಇಲ್ಲಿ ಏನೂ ಉರಿಯುವುದಿಲ್ಲ. ಉಂಗುರದಂಥ ಕಾಲುವೆಯೊಳಗೆ ಕ್ಸೆನಾನ್ ಅನಿಲ ಬಿಟ್ಟು 300 ವೋಲ್ಟ್ ಕೊಡುತ್ತೇವೆ. ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಸಿಕ್ಕಿ ಅಲ್ಲೇ ಗಿರಗಿರ ಸುತ್ತುತ್ತವೆ. ಅವುಗಳ ಏಟಿಗೆ ಕ್ಸೆನಾನ್ ಪರಮಾಣು ಅಯಾನು, ಅಂದರೆ ವಿದ್ಯುದಾವೇಶವಿರುವ ಕಣ ಆಗುತ್ತದೆ, ಆ ವೋಲ್ಟೇಜಿನ ನೂಕಿಗೆ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಮಾಮೂಲಿ ರಾಕೆಟ್ಟಿನ ಬೆಂಕಿ ಹೊರಬರುವ ವೇಗ 3ರಿಂದ 4.5 ಕಿಲೋಮೀಟರ್ ಅಷ್ಟೆ. ಅದಕ್ಕೇ ಇಲ್ಲಿ ಇಂಧನ ತುಂಬಾ ಕಡಿಮೆ ಸಾಕು.

ನಮ್ಮನ್ನು ಕಾಡಿದ್ದು ಕ್ಯಾಥೋಡ್. ಎಲೆಕ್ಟ್ರಾನ್ ಕೊಡುವ ಸಣ್ಣ ಕೊಳವೆ ಅದು. ಒಳಗೆ ಬೇರಿಯಂ ಸೇರಿದ ಟಂಗ್‌ಸ್ಟನ್ ಇರುತ್ತದೆ, ಸುಮಾರು 1100 ಡಿಗ್ರಿಗೆ ಕಾಯಬೇಕು. ಮೊದಲ ವಾರ ಚೆನ್ನಾಗಿ ಹೊತ್ತಿತು. ಆಮೇಲೆ ಪ್ರತಿ ಸಲ ಸ್ವಲ್ಪ ಜಾಸ್ತಿ ಕಾಯಿಸಬೇಕಾಯಿತು. ಒಂದು ದಿನ ಹೊತ್ತಲೇ ಇಲ್ಲ. ಹೊಸದು ಹಾಕಿದೆವು, ಅದೂ ಹಾಗೇ ಆಯಿತು. ನಾನು ಕ್ಯಾಥೋಡ್ ಕೊಟ್ಟವರ ಮೇಲೆ ಅನುಮಾನಪಟ್ಟೆ. ನಮ್ಮ ಹಿರಿಯ ಟೆಕ್ನಿಷಿಯನ್ ಮಾತ್ರ, "ಸಾರ್, ಅದನ್ನ ಬೈಬೇಡಿ. ಮೊದಲು ಪೈಪ್ ನೋಡೋಣ" ಅಂದರು.

ಒಳಗೆ ನುಸುಳಿದ ಹೀಲಿಯಂ ಎಷ್ಟೆಂದು ತೋರಿಸುವ ಲೀಕ್ ಡಿಟೆಕ್ಟರ್ ಜೋಡಿಸಿ ಅನಿಲದ ಪೈಪನ್ನು ಖಾಲಿ ಮಾಡಿದೆವು. ಅವರು ಹೀಲಿಯಂ ನಳಿಕೆ ಹಿಡಿದು ಒಂದೊಂದೇ ಜೋಡಣೆಯ ಮೇಲೆ ನಿಧಾನವಾಗಿ ಊದುತ್ತಾ ಬಂದರು. ಆರು ಜೋಡಣೆ ದಾಟಿದರೂ ಸಂಖ್ಯೆ ಅಲುಗಲಿಲ್ಲ. ಏಳನೆಯದಕ್ಕೆ ಬಂದಾಗ ಸರಸರ ಏರಿತು. ಬಿಚ್ಚಿ ನೋಡಿದರೆ ಫಿಟ್ಟಿಂಗ್‌ನ ಒಳಬದಿಯಲ್ಲಿ ಕೂದಲೆಳೆಯಂಥ ಗೀರು. ಆ ಭಾಗದಲ್ಲಿ ಪೈಪಿನೊಳಗೆ ಒತ್ತಡ ಕಡಿಮೆ, ಹಾಗಾಗಿ ಹೊರಗಿನ ಗಾಳಿ ಒಳಗೆ ನುಸುಳುತ್ತಿತ್ತು. ಬಿಸಿ ಬೇರಿಯಂಗೆ ಆಮ್ಲಜನಕ, ತೇವ ಎರಡೂ ವಿಷ.

ಬಲ ಅಳೆಯುವ ಕೆಲಸವನ್ನು ರಾತ್ರಿಗೆ ಇಟ್ಟುಕೊಂಡೆವು. ಥ್ರಸ್ಟರ್ ಲೋಲಕದಂತೆ ತೂಗುತ್ತಿರುತ್ತದೆ, ರಸ್ತೆಯಲ್ಲಿ ಲಾರಿ ಹೋದರೂ ಗ್ರಾಫ್ ನಡುಗುತ್ತದೆ. ಗಾಳಿ ಹೊರತೆಗೆದ ಪರೀಕ್ಷಾ ಛೇಂಬರ್‌ನಲ್ಲಿ ಉಳಿದಿದ್ದು ಹೊರಗಿನ ಒತ್ತಡದ ಏಳೂವರೆ ಕೋಟಿಯಲ್ಲಿ ಒಂದು ಪಾಲು. ಕಿಟಕಿಯಲ್ಲಿ ತಿಳಿನೀಲಿ ಬೆಳಕು ಕಂಡಾಗ ಯಾರೂ ಮಾತಾಡಲಿಲ್ಲ.

ಇಷ್ಟು ಸಣ್ಣ ಬಲದಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಒಂದು ಲೆಕ್ಕ. 200 ಕೆಜಿ ಉಪಗ್ರಹವನ್ನು ಈ 18 ಮಿಲಿನ್ಯೂಟನ್ ಇಡೀ ದಿನ ನೂಕಿದರೆ ವೇಗ ಸೆಕೆಂಡಿಗೆ ಸುಮಾರು 7.8 ಮೀಟರ್ ಬದಲಾಗುತ್ತದೆ. ಖರ್ಚಾಗುವ ಕ್ಸೆನಾನ್ 120 ಗ್ರಾಂ ಆಸುಪಾಸು. ತಿಂಗಳುಗಟ್ಟಲೆ ನೂಕಿ, ಆಗ ನೋಡಿ. 2007ರಲ್ಲಿ ಹೊರಟ ನಾಸಾದ ಡಾನ್ ನೌಕೆ ಇದರ ಅಣ್ಣನಂಥ ಅಯಾನು ಎಂಜಿನ್‌ನಿಂದಲೇ 2011ರಲ್ಲಿ ವೆಸ್ಟಾ ಕ್ಷುದ್ರಗ್ರಹ, 2015ರಲ್ಲಿ ಸಿರಿಸ್ ಕುಬ್ಜಗ್ರಹ ಸೇರಿತು. 2023ರಲ್ಲಿ ಹೊರಟ ಸೈಕಿ ನೌಕೆಯಲ್ಲಿ ಇರುವುದು ಹಾಲ್ ಥ್ರಸ್ಟರ್‌ಗಳೇ. ನೆಲದಿಂದ ಏಳಲು ಮಾತ್ರ ಬೆಂಕಿಯ ರಾಕೆಟ್ಟೇ ಬೇಕು. ಸೂರ್ಯನಿಂದ ತುಂಬಾ ದೂರ ಹೋದರೆ ಸೋಲಾರ್ ಫಲಕ ಸಾಲದು, ಅಲ್ಲಿ ಕರೆಂಟಿಗೆ ಪುಟ್ಟ ಅಣು ರಿಯಾಕ್ಟರ್ ಬೇಕಾಗುತ್ತದೆ. ಮುಂದಿನ ದೊಡ್ಡ ಹೆಜ್ಜೆ ಅದೇ ಅಂತ ನನ್ನ ನಂಬಿಕೆ.

ಈಗ ಕ್ರಿಪ್ಟಾನ್ ಅನಿಲದ ಸಿಲಿಂಡರ್ ಬಂದಿದೆ. ಕ್ಸೆನಾನ್‌ಗಿಂತ ಅಗ್ಗ, ಆದರೆ ಅಯಾನು ಮಾಡುವುದು ಕಷ್ಟ. ಸೋಮವಾರ ಜೋಡಿಸುತ್ತೇವೆ. ಅದಕ್ಕೂ ಮೊದಲು ಪೈಪಿನ ಎಲ್ಲ ಜೋಡಣೆಗೂ ಹೀಲಿಯಂ ಹಿಡಿಯಬೇಕು.