ಕತ್ತರಿ ಯಾರ ಕೈಯಲ್ಲಿದೆ, ಮೊದಲು ಅದನ್ನು ನೋಡಿ

ಟೈಲರಿಂಗ್ ಕ್ಲಾಸಿಗೆ ಸೇರುವ ಮುಂಚೆ ಒಂದು ಮಧ್ಯಾಹ್ನ ಅಲ್ಲಿ ಸುಮ್ಮನೆ ಕೂತು ನೋಡಿ. ಮೇಡಂ ಒಬ್ಬರೇ ಬಟ್ಟೆ ಕತ್ತರಿಸಿ ಕೊಟ್ಟು, ಕಲಿಯುವವರು ಬರೀ ಹೊಲಿಯುತ್ತಿದ್ದರೆ ಎದ್ದು ಬನ್ನಿ. ನಾನು ಮೊದಲು ಸೇರಿದ್ದು ಅಂಥ ಕಡೆಗೇ. ಮೂರು ತಿಂಗಳು ಫೀಸು ಕಟ್ಟಿದೆ, ಹೊಲಿಗೆ ನೇರವಾಗಿ ಬಂತು. ಮನೆಯಲ್ಲಿ ರವಿಕೆ ಬಟ್ಟೆ ಹರಡಿಕೊಂಡರೆ ಕತ್ತರಿ ಎಲ್ಲಿಂದ ಹಾಕಬೇಕೆಂದೇ ಗೊತ್ತಾಗಲಿಲ್ಲ.

ಎರಡನೇ ಸಲ ಸೇರಿದ್ದು ತುಮಕೂರಿನ ನಮ್ಮ ಬೀದಿಯಲ್ಲೇ, ಜಗಲಿ ಮೇಲೆ ನಾಲ್ಕು ತುಳಿಯುವ ಮಷಿನ್ ಇಟ್ಟುಕೊಂಡಿದ್ದ ಒಬ್ಬ ಅಜ್ಜಿಯ ಹತ್ತಿರ. ಮೊದಲ ವಾರ ದಾರವೇ ಇಲ್ಲ. ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಬರೀ ತುಳಿತ. ತೂತು ಗೆರೆ ಬಿಡಬಾರದು, ಚಕ್ರ ಹಿಂದಕ್ಕೆ ತಿರುಗಬಾರದು. (ಹಾಳೆಗೆ ಸೂಜಿ ಮೊಂಡಾಗುತ್ತದೆ, ಹಳೇದನ್ನೇ ಹಾಕಿ.) ಆಮೇಲೆ ನ್ಯೂಸ್‌ಪೇಪರ್ ಕಟಿಂಗ್. ಎದೆ ಸುತ್ತಳತೆ 36 ಇಂಚಾದರೆ ಕಾಲು ಭಾಗ 9, ಅದರಾಚೆಗೆ ಒಂದೂವರೆ ಇಂಚು ಬಿಡಬೇಕು. ನಾಳೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲಿಸಲು ಆ ಬಟ್ಟೆಯೇ ಗತಿ.

ಎಲ್ಲರೂ ಬಂದ ದಿನವೇ ರವಿಕೆ ಕಲಿಸಿ ಅನ್ನುತ್ತಾರೆ. ಅವಸರ ಬೇಡ. ಒಳಲಂಗ, ಮಗುವಿನ ಫ್ರಾಕು, ಚೂಡಿದಾರ್ ಆದಮೇಲೆ ರವಿಕೆ. ಎಲ್ಲಕ್ಕಿಂತ ಕಷ್ಟದ್ದು ಅದೇ. ಕಾಟನ್ ಲೈನಿಂಗನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲಷ್ಟೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ, ಮೇಲಿನದು ಸುಕ್ಕುಸುಕ್ಕಾಗುತ್ತದೆ.

ದುಡ್ಡಿಗೆ ತೊಂದರೆ ಇದ್ದರೆ ನಿಮ್ಮ ಜಿಲ್ಲೆಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಕೇಳಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯಲ್ಲೇ ಬ್ಯಾಂಕುಗಳು ಇವನ್ನು ನಡೆಸುತ್ತವೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಮನೆ ಬಿಟ್ಟು ಅಷ್ಟು ದಿನ ಇರಲಾಗದ ನನ್ನಂಥವರಿಗೆ ಜಗಲಿ ಕ್ಲಾಸೇ ಸರಿ.

ಇನ್ನೊಂದು: ತೋಳುಗಳನ್ನು ಬಟ್ಟೆ ಮಡಿಸಿ ಜೊತೆಯಾಗಿಯೇ ಕತ್ತರಿಸಿ. ಕಂಕುಳ ಹತ್ತಿರ ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ತುಸು ಹೆಚ್ಚು ಕೊರೆಯುತ್ತೇವಲ್ಲ, ಅದಕ್ಕೆ ಎಡ ಬಲ ಬೇರೆ ಬೇರೆ. ನಾನು ಬಟ್ಟೆ ಉಳಿಸಲು ಹೋಗಿ ಒಂದೊಂದಾಗಿ ಕತ್ತರಿಸಿದೆ, ಎರಡೂ ಬಲಗೈಯದೇ ಆದವು. ಜರಿ ಬಟ್ಟೆ, ಮಗುಚಿ ಹೊಲಿಯುವಂತೆಯೂ ಇರಲಿಲ್ಲ. ಅಜ್ಜಿ ಬೈಯಲಿಲ್ಲ, ತೋಳಿಲ್ಲದ ರವಿಕೆಗೆ ಪಟ್ಟಿ ಕೊಡುವುದನ್ನು ಅವತ್ತೇ ಹೇಳಿಕೊಟ್ಟರು. ಈಗ ಅದನ್ನು ಮಗಳು ಹಾಕಿಕೊಳ್ಳುತ್ತಾಳೆ.