ಅದೇ ಕೋಶ, ಅದೇ ವಿಧಾನ, ಬೇರೆ ಲ್ಯಾಬ್

ಐಪಿಎಸ್ ಕೋಶಗಳಿಂದ, ಅಂದರೆ ಚರ್ಮ ಅಥವಾ ರಕ್ತದ ಕೋಶದಿಂದ ಮಾಡಿದ ಸ್ಟೆಮ್ ಸೆಲ್‌ಗಳಿಂದ, ಹೃದಯದ ಸ್ನಾಯುಕೋಶ ಬೆಳೆಸುವುದು ನನ್ನ ಕೆಲಸ. ಬೇರೆ ಊರಿನ ಒಂದು ಲ್ಯಾಬ್ ನಮ್ಮ ಪ್ರೋಟೋಕಾಲನ್ನೇ ಹಿಡಿದು ಮಾಡುತ್ತಿತ್ತು. ನಮ್ಮ ಪ್ಲೇಟಿನಲ್ಲಿ ಇಡೀ ಪದರವೇ ಮಿಡಿಯುತ್ತಿತ್ತು. ಅವರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೇ.

ಅವರ ಮೇಲೆ ನನಗೆ ಅನುಮಾನ ಬರಲಿಲ್ಲ. ಐದು ಲ್ಯಾಬ್‌ಗಳು ಒಂದೇ ಕೋಶ, ಒಂದೇ ವಿಧಾನ ಬಳಸಿ ನರಕೋಶ ಮಾಡಿ ನೋಡಿದ ಅಧ್ಯಯನ 2018ರಲ್ಲೇ ಬಂದಿತ್ತು. ಅಲ್ಲೂ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಲ್ಯಾಬ್‌ನಿಂದ ಲ್ಯಾಬ್‌ಗೆ.

ಮೊದಲು ಒಂದೇ ಬ್ಯಾಂಕಿನ, ಅಂದರೆ ಒಟ್ಟಿಗೇ ಬೆಳೆಸಿ ಹೆಪ್ಪುಗಟ್ಟಿಸಿಟ್ಟ ಕೋಶಗಳ, ವಯಲ್‌ಗಳನ್ನು ಹಂಚಿಕೊಂಡೆವು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆಯಾ ಅನ್ನುವ ಪರೀಕ್ಷೆ, ಕೋಶ ಅದೇ ವ್ಯಕ್ತಿಯದಾ ಅಂತ ಡಿಎನ್‌ಎ ನೋಡಿ ಹೇಳುವ ಎಸ್‌ಟಿಆರ್ ಪರೀಕ್ಷೆ ಎರಡೂ ಕಡೆ ಆಯಿತು. 20ನೇ ಕ್ರೋಮೋಸೋಮಿನ 20ಕ್ಯೂ11.21 ಎಂಬ ಭಾಗ ಹೆಚ್ಚಾಗಿದೆಯಾ ಅಂತ ಬೇರೆಯಾಗಿಯೇ ನೋಡಿದೆವು. ಆ ಬದಲಾವಣೆ ಆದ ಕೋಶ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಉಳಿದವನ್ನು ಹಿಂದೆ ಹಾಕಿಬಿಡುತ್ತದೆ. ಕ್ರೋಮೋಸೋಮ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಮಾಮೂಲಿ ಕ್ಯಾರಿಯೋಟೈಪಿನಲ್ಲಿ ಎಷ್ಟೋ ಸಲ ಕಣ್ಣಿಗೂ ಬೀಳುವುದಿಲ್ಲ. ಎಲ್ಲ ಸರಿಯಿತ್ತು.

ಆಮೇಲೆ ವಿಡಿಯೋ ಕಾಲ್ ಹಾಕಿಕೊಂಡು ಇಬ್ಬರೂ ಒಟ್ಟಿಗೇ ಕೋಶಗಳನ್ನು ಪ್ಲೇಟಿಗೆ ಹಾಕಿದೆವು. ಅಲ್ಲಿನ ಸಂಶೋಧಕಿ ಕೋಶ ಹಾಕಿ, ಪ್ಲೇಟನ್ನು ಗುಂಡಗೆ ಆಡಿಸಿ ಇನ್‌ಕ್ಯುಬೇಟರ್‌ಗೆ ಇಟ್ಟರು. ಹಾಗೆ ಆಡಿಸಿದರೆ ಕೋಶಗಳೆಲ್ಲ ವೆಲ್‌ನ, ಅಂದರೆ ಪ್ಲೇಟಿನ ಗುಳಿಯ, ನಡುವೆ ಗುಡ್ಡೆಯಾಗುತ್ತವೆ. ನಾವು ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ಅಲುಗಿಸುತ್ತೇವೆ. ಶೆಲ್ಫಿನಲ್ಲಿ ಇಟ್ಟ ಮೇಲೆ ಇನ್ನೊಮ್ಮೆ. ಬಾಗಿಲನ್ನೂ ಮೆಲ್ಲಗೇ ಹಾಕುತ್ತೇವೆ. ಇಂಥದ್ದನ್ನೆಲ್ಲ ಪ್ರೋಟೋಕಾಲ್‌ನಲ್ಲಿ ಯಾರು ಬರೆಯುತ್ತಾರೆ, ಅಲ್ವಾ?

ಆದರೆ ಈ ವಿಧಾನ ನಿಂತಿರುವುದೇ ಕೋಶಗಳ ದಟ್ಟಣೆಯ ಮೇಲೆ. ಮೊದಲ ದಿನ ಸಿಎಚ್‌ಐಆರ್99021 ಎಂಬ ಮದ್ದು ಹಾಕಿ, ಕೋಶ ಏನಾಗಬೇಕು ಅಂತ ತಿಳಿಸುವ ವಿಂಟ್ ಸಂಕೇತವನ್ನು ಏರಿಸುತ್ತೇವೆ, ಮೂರು ದಿನ ಕಳೆದ ಮೇಲೆ ಐಡಬ್ಲ್ಯೂಪಿ2 ಎಂಬ ಇನ್ನೊಂದು ಮದ್ದು ಹಾಕಿ ಇಳಿಸುತ್ತೇವೆ. ಕೋಶ ತೆಳುವಾಗಿದ್ದ ಕಡೆ ಸಿಎಚ್‌ಐಆರ್‌ನ ಅದೇ ಡೋಸ್‌ಗೆ ಸಾಯುತ್ತವೆ. ಒತ್ತಾಗಿದ್ದ ಕಡೆ ಜಗ್ಗುವುದೇ ಇಲ್ಲ. 'ಶೇ. 80 ತುಂಬಿದಾಗ' ಅನ್ನುವುದು ಸುಮ್ನೆ ಕಣ್ಣಳತೆ. ಹಾಗಾಗಿ ಈಗ ಮದ್ದು ಹಾಕುವ ಮುಂಚೆ ಒಂದು ವೆಲ್‌ನ ಕೋಶಗಳನ್ನು ಬಿಡಿಸಿ ಎಣಿಸುತ್ತೇವೆ. ಸಿಎಚ್‌ಐಆರ್ ಡೋಸನ್ನೂ 6ರಿಂದ 12 ಮೈಕ್ರೋಮೋಲಾರ್ ಒಳಗೆ ಆಯಾ ಲ್ಯಾಬ್ ತನ್ನ ಕೋಶದ ಲೈನಿಗೆ ತಾನೇ ಹುಡುಕಿಕೊಳ್ಳುತ್ತದೆ.

ಮಿಡಿತ ಬಂತು, ಅಂಕಿ ಮಾತ್ರ ಹೊಂದಲಿಲ್ಲ. ಹೃದಯದ ಸ್ನಾಯುಕೋಶದ ಗುರುತಾದ ಟ್ರೋಪೋನಿನ್-ಟಿ ಪ್ರೋಟೀನ್ ಇರುವ ಕೋಶ ಅವರ ಲೆಕ್ಕದಲ್ಲಿ ಯಾವಾಗಲೂ ಜಾಸ್ತಿ. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನ ಕಚ್ಚಾ ಫೈಲ್ ಅದಲುಬದಲು ಮಾಡಿಕೊಂಡೆವು. ಗೇಟ್, ಅಂದರೆ ಟ್ರೋಪೋನಿನ್ ಇದೆ-ಇಲ್ಲ ಅಂತ ಬೇರ್ಪಡಿಸುವ ಗೆರೆ, ಎಳೆಯುವ ಜಾಗವೇ ಬೇರೆ ಇತ್ತು! ಒಂದೇ ಆಂಟಿಬಾಡಿ, ಒಂದೇ ಕಂಟ್ರೋಲ್, ಒಂದೇ ಗೇಟ್ ಅಂತ ಮಾಡಿದ ಮೇಲೆ ಅಂತರ ಬಹುಪಾಲು ಹೋಯಿತು.

ಸಾಮಗ್ರಿಗಳ ಲಾಟ್ (ತಯಾರಿಕೆಯ ಕಂತು) ನಂಬರ್ ಬರೆಯಲು ಈಗ ಎರಡೂ ಕಡೆ ಒಂದೇ ನಮೂನೆಯ ಹಾಳೆ. ಪ್ಲೇಟಿಗೆ ಬಳಿಯುವ ಮ್ಯಾಟ್ರಿಜೆಲ್ ಆಗಲಿ, ಕೋಶದ ಆಹಾರಕ್ಕೆ ಸೇರಿಸುವ ಬಿ27 ಆಗಲಿ, ಹೊಸ ಲಾಟ್ ಬಂದರೆ ಹಳೆಯದರ ಪಕ್ಕದಲ್ಲೇ ಒಮ್ಮೆ ನಡೆಸಿ ನೋಡಿ, ಆಮೇಲೆ ಬಳಕೆಗೆ.