ಎಲ್ಕ್ ಬೇಟೆಗೆ ನಾನು ಕಟ್ಟಿದ ಬಾಣ: 530 ಗ್ರೇನ್, ಎರಡೇ ಅಲಗು

ಎಳೆಯಲು 65 ಪೌಂಡ್ ಬಲ ಬೇಡುವ ಕಾಂಪೌಂಡ್ (ರಾಟೆಯ) ಬಿಲ್ಲಿಗೆ 530 ಗ್ರೇನಿನ (ಸುಮಾರು 34 ಗ್ರಾಂ) ಬಾಣ ಕಟ್ಟಿದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಇದು ಬಾಣ ಅಲ್ಲ ಮಾರಾಯ, ಹಾರೆ" ಅಂದರು. ಕಳೆದ ಸೆಪ್ಟೆಂಬರಿನಲ್ಲಿ ಅಮೆರಿಕದ ಕೊಲೊರಾಡೊದ ಫ್ಲಾಟ್ ಟಾಪ್ಸ್ ಕಡೆಯ ಆಸ್ಪೆನ್ ಕಾಡಿನಲ್ಲಿ, ಮೂವತ್ತು ಗಜದ ಆಸುಪಾಸಿನಿಂದ ಬಿಟ್ಟ ಅದೇ ಬಾಣ ಗಂಡು ಎಲ್ಕ್‌ನ ಪಕ್ಕೆಲುಬು ಸೀಳಿ, ಆಚೆ ಬದಿಯಿಂದ ಹೊರಬಂದು ಮಣ್ಣಿಗೆ ನಾಟಿತು. ಪ್ರಾಣಿ ಅರವತ್ತು ಗಜ ದಾಟಲಿಲ್ಲ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಟ್ಟಿಗೆ ಬರೆಯುತ್ತಿದ್ದೇನೆ.

ಊರಿನಲ್ಲಿರುವವರಿಗೆ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮ ಕಡೆ ಬೇಟೆ ಮುಗಿದ ಕಥೆ. ಇಲ್ಲಿ ಹಂಟರ್ ಎಜುಕೇಶನ್ ಕಾರ್ಡ್, ಲೈಸೆನ್ಸ್, ಋತು ಎಲ್ಲ ಇದೆ. ಎಲ್ಕ್ ಕಡವೆಯ ಬಳಗದ್ದೇ. ಬೆಳೆದ ಗಂಡು 300 ಕೆಜಿ ಮುಟ್ಟುತ್ತದೆ. ಜಿಂಕೆಗೆ ಸಾಕಾಗುವ ಬಾಣ ಇದಕ್ಕೆ ಸಾಕಾಗುವುದಿಲ್ಲ ಅನ್ನುವುದೇ ನನ್ನ ವಾದ.

ಮೊದಲು ಎಲ್ಲರಂತೆ ನಾನೂ 400 ಗ್ರೇನಿನ ಬಾಣಕ್ಕೆ, ತಗುಲಿದಾಗ ಅಲಗು ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಬ್ರಾಡ್‌ಹೆಡ್ (ಬೇಟೆಯ ಮೊನೆ) ಹಾಕುತ್ತಿದ್ದೆ. ಎರಡಿಂಚು ಅಗಲದ ಗಾಯ, ಸೆಕೆಂಡಿಗೆ 275 ಅಡಿ ವೇಗ, ಫೀಲ್ಡ್ ಪಾಯಿಂಟ್ (ಅಭ್ಯಾಸದ ಮೊನೆ) ಬೀಳುವ ಜಾಗಕ್ಕೇ ಬೀಳುತ್ತದೆ. ನೋಡೋಕೆ ಚೆನ್ನ. ಆದರೆ ನಮ್ಮ ಜೊತೆಯವರೊಬ್ಬರ ಬಾಣ ಭುಜದ ಎಲುಬಿಗೆ ಬಡಿದು ನಾಲ್ಕಿಂಚೂ ಒಳಹೋಗದೆ ನಿಂತಿತು. ಕತ್ತಲಾಗುವವರೆಗೆ ಹುಡುಕಿದೆವು, ಮರುದಿನವೂ ಹುಡುಕಿದೆವು, ಸಿಗಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರುವಷ್ಟು ಕೆಟ್ಟ ಸಂಗತಿ ಬೇಟೆಗಾರನಿಗೆ ಇನ್ನೊಂದಿಲ್ಲ.

ಆ ಚಳಿಗಾಲ ಪರಿಚಯದವರಿಂದ ಎಲ್ಕ್‌ನ ಭುಜದ ಹಲಗೆ ಎಲುಬುಗಳನ್ನು ಕೇಳಿ ತಂದು, ಫೋಮ್ ಟಾರ್ಗೆಟ್ಟಿಗೆ ತಂತಿಯಿಂದ ಬಿಗಿದು ಹೊಡೆದೆ. ಹಲಗೆಯ ತೆಳುಭಾಗವನ್ನು ಎಲ್ಲ ಮೊನೆಗಳೂ ತೂತು ಮಾಡಿದವು. ನಡುವಿನ ಏಣಿನ ಹತ್ತಿರ ಹೋದಂತೆ ಮೆಕ್ಯಾನಿಕಲ್‌ನ ಅಲಗು ಬಾಗಿತು, ಒಂದು ಕಿತ್ತೇ ಬಂತು. ಎರಡು ಅಲಗಿನ, ಒಂದೇ ಬದಿ ಸಾಣೆಯ ಗಟ್ಟಿ ಮೊನೆ ಎಲುಬನ್ನು ತಿರುಚಿ ಸೀಳಿಕೊಂಡು ಹೋಯಿತು. ಒಣಗಿದ ಎಲುಬು ಹಸಿ ಎಲುಬಿನಂತಲ್ಲ, ಗೊತ್ತು. ಆದರೂ ವ್ಯತ್ಯಾಸ ಕಣ್ಣಿಗೆ ರಾಚುವಷ್ಟಿತ್ತು.

ಬಾಣ ಎಷ್ಟು ಒಳನುಗ್ಗುತ್ತದೆ ಅಂತ ಪ್ರಯೋಗ ಮಾಡಿದ ಎಡ್ ಆಶ್ಬಿ ಹೇಳುವ 650 ಗ್ರೇನನ್ನೂ ಕಟ್ಟಿ ನೋಡಿದೆ. ನುಗ್ಗುವುದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಬಿಲ್ಲಿನಲ್ಲಿ ವೇಗ 220ಕ್ಕೆ ಇಳಿಯಿತು. ನಲವತ್ತು ಗಜ ಅಂದುಕೊಂಡಿದ್ದು ನಲವತ್ತೈದಾಗಿದ್ದರೆ ಬಾಣ ಏಳೆಂಟು ಇಂಚು ಕೆಳಗೆ. ನಾವು ಹಾಕುವ ಎಲ್ಕ್ ಕೂಗಿಗೆ ಓಡಿ ಬರುವ ಪ್ರಾಣಿಯ ಮುಂದೆ ರೇಂಜ್‌ಫೈಂಡರ್ (ದೂರ ಅಳೆಯುವ ಸಾಧನ) ಎತ್ತುವಷ್ಟು ಪುರುಸೊತ್ತು ಸಿಗದು. 530ಕ್ಕೆ ವೇಗ 240ರ ಸುತ್ತ. ಅದೇ ಅಂದಾಜು ತಪ್ಪಿದರೆ ಆರಿಂಚು ಚಿಲ್ಲರೆ. ಅಷ್ಟನ್ನು ಎಲ್ಕ್‌ನ ಶ್ವಾಸಕೋಶದ ಅಳತೆ ಭರಿಸುತ್ತದೆ.

ಲೆಕ್ಕ ಹೀಗೆ: ಇಪ್ಪತ್ತೆಂಟೂವರೆ ಇಂಚಿನ 300 ಸ್ಪೈನ್ (ಕಡ್ಡಿಯ ಬಿಗಿತದ ಅಂಕಿ, ಕಡಿಮೆಯಾದಷ್ಟೂ ಬಿಗಿ) ಕಾರ್ಬನ್ ಕಡ್ಡಿ 305 ಗ್ರೇನ್, ಮೊನೆ ಕೂರಿಸುವ ಹಿತ್ತಾಳೆ ಇನ್ಸರ್ಟ್ 50, ಮೊನೆ 150, ಉಳಿದದ್ದು ಗರಿ ಮತ್ತು ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ). ಮುಂಭಾರ, ಅಂದರೆ ತೂಕ ಮೊನೆಯ ಕಡೆಗೆ ವಾಲಿರುವ ಪ್ರಮಾಣ, ಶೇಕಡಾ 16-17 ಬರುತ್ತದೆ. ಮೊದಲು ಕೈಯಲ್ಲಿದ್ದ 340 ಕಡ್ಡಿಗೇ ಈ ಮೊನೆ ಹಾಕಿದಾಗ ನಲವತ್ತು ಗಜದಲ್ಲಿ ಬಾಣ ಗೇಣುದ್ದ ಪಕ್ಕಕ್ಕೆ ಹೋಗುತ್ತಿತ್ತು. ಬಹಳ ಜನ ಇಲ್ಲೇ ಕೈಚೆಲ್ಲಿ, ಫಿಕ್ಸೆಡ್ (ಅಲಗು ಬಿಚ್ಚಿಕೊಳ್ಳದ) ಮೊನೆ ನೇರ ಹೋಗಲ್ಲ ಅಂತ ಷರಾ ಬರೆದು ಮೆಕ್ಯಾನಿಕಲ್‌ಗೆ ವಾಪಸಾಗುತ್ತಾರೆ. ಮೊನೆಯದಲ್ಲ ದೋಷ, ಕಡ್ಡಿ ಮೆತ್ತಗಾಗಿರುತ್ತದೆ. ಕಡ್ಡಿ ಬದಲಿಸಿ, ತುದಿಗಳನ್ನು ಉಜ್ಜಿ ಚೌಕ ಮಾಡಿ, ಗರಿ ಇಲ್ಲದ ಬಾಣ ಇಪ್ಪತ್ತು ಗಜದಲ್ಲಿ ಗರಿ ಇರುವುದರ ಪಕ್ಕಕ್ಕೇ ಬೀಳುವವರೆಗೆ ರೆಸ್ಟ್ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಸರಿಸಿದೆ. ಈಗ ಐವತ್ತು ಗಜದಲ್ಲೂ ಬ್ರಾಡ್‌ಹೆಡ್, ಫೀಲ್ಡ್ ಪಾಯಿಂಟ್ ಒಂದೇ ಅಂಗೈಯೊಳಗೆ. ನಮ್ಮ ಕ್ಲಬ್ಬಿನಲ್ಲಿ ಬೇರೆ ಯಾರದ್ದೂ ಹಾಗೆ ಕೂರುವುದನ್ನು ನಾನು ಕಂಡಿಲ್ಲ.

ಬಲಸಾಣೆಯ ಮೊನೆಗೆ ಗರಿಯನ್ನೂ ಬಾಣ ಬಲಕ್ಕೇ ತಿರುಗುವಂತೆ (ಬಲತಿರುವು) ಅಂಟಿಸಿರಬೇಕು. ಎಡತಿರುವು ಹಾಕಿ ನೋಡಿದೆ, ಹಾರಾಟ ಕೆಡಲಿಲ್ಲ, ಆದರೆ ಎಲುಬಿನಲ್ಲಿ ಆ ತಿರುಚು ಬರಲಿಲ್ಲ. ಎತ್ತರದ ಮೂರು ಗರಿಗಿಂತ ಗಿಡ್ಡ ನಾಲ್ಕು ಗರಿಯ ಸದ್ದು ಕಡಿಮೆ ಅಂತ ಹೆಂಡತಿಯನ್ನು ಟಾರ್ಗೆಟ್ಟಿನಿಂದ ದೂರಕ್ಕೆ, ದೊಡ್ಡ ಬಂಡೆಯ ಮರೆಗೆ ಕೂರಿಸಿ ಕೇಳಿಸಿಯೂ ಆಯಿತು.

ಖರ್ಚು? ಹಳೇ ಕಡ್ಡಿ, ಮುರಿದ ಮೊನೆ, ಬೇಡದ ಇನ್ಸರ್ಟ್ ಎಲ್ಲ ಸೇರಿ ಆರುನೂರು ಡಾಲರ್ ಹತ್ತಿರ ನೀರುಪಾಲು. ಈಗಿನ ಮೂರು ಮೊನೆಗೆ ನೂರು ಡಾಲರ್ ಮೇಲಾಯಿತು. ಆದರೆ ಎಲ್ಕ್ ದಾಟಿ ಹೋದ ಆ ಮೊನೆಯನ್ನೇ ಮತ್ತೆ ಸಾಣೆ ಹಿಡಿದಿದ್ದೇನೆ, ಮುಂಗೈ ಕೂದಲು ಬೋಳಿಸುತ್ತದೆ. ಕಲ್ಲು ಯಾವುದಾದರೂ ಆದೀತು. ಕೊನೆಯ ಹದ ಯಾವುದರ ಮೇಲೆ ಕೊಡುತ್ತೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಕೊಳ್ಳುವಾಗ ಅಗಲ ನೋಡಿಕೊಳ್ಳಿ: ಕೊಲೊರಾಡೊ ನಿಯಮದಂತೆ ಕನಿಷ್ಠ 7/8 ಇಂಚು, ಎರಡು ಉಕ್ಕಿನ ಅಲಗು ಬೇಕು.

ಈ ಸಲ ಹೆಂಡತಿಗೂ ಹೆಣ್ಣು ಎಲ್ಕ್ ಟ್ಯಾಗ್ (ಬೇಟೆಯ ಪರವಾನಗಿ) ಬಂದಿದೆ. ಅವಳ ಬಿಲ್ಲು 50 ಪೌಂಡಿನದು. 400 ಸ್ಪೈನ್ ಕಡ್ಡಿಗೆ 125ರ ಮೊನೆ ಹಾಕಿ 450 ಗ್ರೇನ್ ಆಸುಪಾಸಿನದೊಂದು ಕಟ್ಟುತ್ತಿದ್ದೇನೆ. ಗರಿ ಇಲ್ಲದ ಬಾಣ ಇನ್ನೂ ಎರಡಿಂಚು ಪಕ್ಕಕ್ಕೆ ಹೋಗುತ್ತಿದೆ. ಕಡ್ಡಿ ಅರ್ಧ ಇಂಚು ಕತ್ತರಿಸಿ ನೋಡಬೇಕು.